ಮಕ್ಕಳ ಚಿತ್ರಕಲೆ ಮತ್ತು ಸಮಾಧಾನದ ಸೇವೆ: ಹಿರೇಹಡಗಲಿಯ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಪೀಠಿಕೆ

ನಮ್ಮ ಸಭೆಗಳ ಭಾನುವಾರದ ಶಾಲೆಗಳಲ್ಲಿಯೂ ಬೇಸಿಗೆಯ ರಜಾಕಾಲದ ಸತ್ಯವೇದ ಶಾಲೆಗಳಲ್ಲಿಯೂ ಚಿತ್ರ ಬರೆಯುವ ಕೆಲಸಕ್ಕೆ ಒಂದು ಸ್ಥಾನವಿದೆ. ಆದರೆ ಅದು ಗೌರವದ ಸ್ಥಾನವಲ್ಲ. ಪಾಠ ಮುಗಿದ ಮೇಲೆ ಉಳಿದ ವೇಳೆಯನ್ನು ತುಂಬುವುದಕ್ಕಾಗಿ ಅಚ್ಚಾದ ಗೆರೆಚಿತ್ರಗಳನ್ನು ಮಕ್ಕಳ ಕೈಗೆ ಕೊಡುತ್ತೇವೆ. ಗೆರೆ ದಾಟದಂತೆ ಬಣ್ಣ ತುಂಬಿದವರನ್ನು ಹೊಗಳುತ್ತೇವೆ. ಕೊನೆಯ ದಿನ ಒಂದು ಸ್ಪರ್ಧೆಯನ್ನು ಏರ್ಪಡಿಸಿ ಮೂವರಿಗೆ ಬಹುಮಾನ ಹಂಚುತ್ತೇವೆ. ಉಳಿದ ಹಾಳೆಗಳು ಎಲ್ಲಿಗೆ ಹೋದವೆಂದು ಕೇಳುವವರಿಲ್ಲ.

ಈ ಲೇಖನದ ಉದ್ದೇಶವು ಆ ಉಳಿದ ಹಾಳೆಗಳ ಕಡೆಗೆ ಸಭಾಪಾಲಕರ ಮತ್ತು ದೈವಶಾಸ್ತ್ರದ ವಿದ್ಯಾರ್ಥಿಗಳ ಗಮನವನ್ನು ಸೆಳೆಯುವುದು. ಭಿನ್ನ ಸಂಸ್ಕೃತಿಗಳ ನಡುವೆ ಸಮಾಧಾನವನ್ನೂ ಸಮಾನತೆಯನ್ನೂ ಬೆಳೆಸುವ ಸಾಧನವಾಗಿ ಮಕ್ಕಳ ಕಲೆಯನ್ನು ಬಳಸಬಹುದೆಂಬ ಮಾತು ಇಂದು ಹೊಸದಲ್ಲ. ಹೊಸದಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಚಿತ್ರವು ಈ ಕೆಲಸವನ್ನು ಯಾವ ಬಗೆಯಲ್ಲಿ ಮಾಡುತ್ತದೆ, ಮತ್ತು ಯಾವ ಷರತ್ತುಗಳಿದ್ದರೆ ಮಾತ್ರ ಮಾಡುತ್ತದೆ? ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವುದಾದರೆ, ಸಮಾಧಾನವು ಚಿತ್ರದ ವಿಷಯದಲ್ಲಿರುವುದಕ್ಕಿಂತ ಹೆಚ್ಚಾಗಿ ಚಿತ್ರ ಬರೆಯುವ ಪಂಕ್ತಿಯಲ್ಲಿಯೂ, ಬರೆದ ಚಿತ್ರವನ್ನು ದೊಡ್ಡವರು ನೋಡುವ ರೀತಿಯಲ್ಲಿಯೂ ಇದೆ.

ವಿವೇಚನೆಗೆ ಒಂದು ನೆಲ ಬೇಕು. ಅದಕ್ಕಾಗಿ ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯನ್ನು ಆರಿಸಿಕೊಂಡಿದ್ದೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಈ ಸೀಮೆ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಹಿರೇಹಡಗಲಿಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಎರಡು ಕಾರಣಗಳಿಂದ ಪರಿಚಿತವಾದುದು. ಪಲ್ಲವ ಅರಸ ಶಿವಸ್ಕಂದವರ್ಮನ ಪ್ರಾಕೃತ ಭಾಷೆಯ ತಾಮ್ರಪಟಗಳು ದೊರೆತದ್ದು ಇಲ್ಲಿ. ಕಲ್ಯಾಣದ ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಾಲಯ ತನ್ನ ಸೂಕ್ಷ್ಮ ಕೆತ್ತನೆಯೊಡನೆ ನಿಂತಿರುವುದೂ ಇಲ್ಲಿಯೇ. ಭಾಷೆಗಳೂ ಕೈಕೆಲಸಗಳೂ ಬಹು ಹಿಂದಿನಿಂದ ಈ ನೆಲದಲ್ಲಿ ಹಾದುಹೋಗಿವೆ. ನಮ್ಮ ಸಭೆಗೂ ಈ ಸೀಮೆ ದೂರದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಕೈಗೊಂಡ ಭಾಷಾಂತರದ ಶ್ರಮವು 1831ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ದೊರೆಯುವುದರಲ್ಲಿ ಫಲಿಸಿತು. ಲಿಖಿತ ವಾಕ್ಯವನ್ನು ಕನ್ನಡಕ್ಕೆ ತಂದ ಸೀಮೆಯಲ್ಲಿ, ಓದುಬರಹ ಬಾರದ ಮಗುವಿನ ಗೆರೆಯನ್ನು ಓದಲು ನಾವು ಕಲಿತಿದ್ದೇವೆಯೇ ಎಂದು ಕೇಳುವುದು ಉಚಿತ.

1. ಸಮಾಧಾನವೆಂಬ ಮಾತಿನ ಎರಡು ಅರ್ಥಗಳು

ಕನ್ನಡ ಸತ್ಯವೇದದಲ್ಲಿ ಹೀಬ್ರೂವಿನ ಶಾಲೋಮ್ ಎಂಬ ಪದಕ್ಕೆ ಬಹುಕಡೆ ಸಮಾಧಾನ ಎಂಬ ಪದ ಬಳಕೆಯಾಗಿದೆ. ಆದರೆ ದಿನಬಳಕೆಯ ಕನ್ನಡದಲ್ಲಿ ಈ ಪದ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅನ್ಯಾಯಕ್ಕೊಳಗಾಗಿ ಅಳುತ್ತಿರುವವನಿಗೆ ನಾವು ಹೇಳುವುದು, ‘ಹೋಗಲಿ ಬಿಡು, ಸಮಾಧಾನ ಮಾಡಿಕೋ’ ಎಂದು. ಇಲ್ಲಿ ಸಮಾಧಾನವೆಂದರೆ ಬಾಯಿ ಮುಚ್ಚಿಕೊಂಡು ಸಹಿಸುವುದು. ಅನ್ಯಾಯ ಇದ್ದ ಹಾಗೆಯೇ ಇರುತ್ತದೆ. ಅಳು ಮಾತ್ರ ನಿಲ್ಲುತ್ತದೆ. ಜನರ ಗಾಯವನ್ನು ಮೇಲೆಮೇಲೆ ವಾಸಿಮಾಡಿ, ಸಮಾಧಾನವಿಲ್ಲದಲ್ಲಿ ಸಮಾಧಾನವಿದೆಯೆಂದು ಸಾರಿದವರನ್ನು ಪ್ರವಾದಿ ಯೆರೆಮೀಯನು ಖಂಡಿಸಿದ್ದು (6:14) ಇಂಥ ಸಮಾಧಾನವನ್ನು ಕುರಿತೇ.

ಶಾಲೋಮ್ ಎಂಬುದು ಸರಿಯಾದ ಸಂಬಂಧಗಳ ಪೂರ್ಣತೆ. ಆದುದರಿಂದ ಅದನ್ನು ಸಮಾನತೆಯಿಂದ ಬೇರ್ಪಡಿಸಲಾಗದು. ಜೆಕರ್ಯನ ದರ್ಶನದಲ್ಲಿ (8:4-5) ಪುನಃಸ್ಥಾಪಿತವಾದ ಯೆರೂಸಲೇಮಿನ ಗುರುತು ಸೈನ್ಯವೂ ಅಲ್ಲ, ಖಜಾನೆಯೂ ಅಲ್ಲ. ಊರುಗೋಲು ಹಿಡಿದು ಚೌಕಗಳಲ್ಲಿ ಕುಳಿತ ಮುದುಕರು, ಮುದುಕಿಯರು ಮತ್ತು ಬೀದಿ ತುಂಬ ಆಡುತ್ತಿರುವ ಹುಡುಗ ಹುಡುಗಿಯರು. ಈ ದರ್ಶನವನ್ನು ನಮ್ಮ ಊರುಗಳಿಗೆ ಅನ್ವಯಿಸಿದರೆ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಊರಿನ ಎಲ್ಲ ಬೀದಿಗಳಲ್ಲಿ ಎಲ್ಲ ಮಕ್ಕಳೂ ಆಡುತ್ತಿದ್ದಾರೆಯೇ? ಕೇರಿಯ ಮಗು ಎಲ್ಲಿಯವರೆಗೆ ಓಡಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಅದಕ್ಕೆ ಯಾರು ಕಲಿಸಿದರು?

ಮಕ್ಕಳ ಚಿತ್ರಗಳನ್ನು ಸಮಾಧಾನದ ಸಾಧನವಾಗಿ ಬಳಸಹೊರಟವರು ಈ ಎರಡು ಅರ್ಥಗಳ ನಡುವೆ ಆರಿಸಿಕೊಳ್ಳಲೇಬೇಕು. ‘ವಿಶ್ವಶಾಂತಿ’ ಎಂಬ ವಿಷಯವನ್ನು ಕೊಟ್ಟರೆ ಮಕ್ಕಳು ಪಾರಿವಾಳವನ್ನೂ ಭೂಗೋಳವನ್ನೂ ಕೈಹಿಡಿದು ನಿಂತವರ ಸಾಲನ್ನೂ ಬರೆದುಕೊಡುತ್ತಾರೆ. ಅವರು ಬರೆಯುವುದು ದೊಡ್ಡವರು ನಿರೀಕ್ಷಿಸುವುದನ್ನು, ತಾವು ಕಂಡದ್ದನ್ನಲ್ಲ. ಅಂಥ ಚಿತ್ರ ಯಾರನ್ನೂ ಕದಡುವುದಿಲ್ಲ, ಯಾರನ್ನೂ ಹತ್ತಿರಕ್ಕೆ ತರುವುದೂ ಇಲ್ಲ.

2. ಮಗುವಿನ ಚಿತ್ರ ಮಾತನಾಡುವ ಬಗೆ

ಮಗು ಏಕೆ ಹಾಗೆ ಬರೆಯುತ್ತದೆ ಎಂಬುದನ್ನು ತಿಳಿಯದೆ ಅದರ ಚಿತ್ರವನ್ನು ಗೌರವಿಸುವುದು ಕಷ್ಟ. ಈ ವಿಷಯದಲ್ಲಿ ವಿಕ್ಟರ್ ಲೋವೆನ್‌ಫೆಲ್ಡ್ ಅವರು 1947ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಉಪಯುಕ್ತ. ಅವರ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಗು ಗೀಚುತ್ತದೆ. ನಾಲ್ಕರಿಂದ ಏಳರವರೆಗೆ ತನ್ನದೇ ಸಂಕೇತಗಳನ್ನು ಹುಡುಕುತ್ತದೆ. ಏಳರಿಂದ ಒಂಬತ್ತರೊಳಗೆ ಮನುಷ್ಯ, ಮನೆ, ಮರಗಳಿಗೆ ಒಂದೊಂದು ಸ್ಥಿರವಾದ ರೂಪವನ್ನು ಕಂಡುಕೊಂಡು ಎಲ್ಲವನ್ನೂ ನೆಲದ ಒಂದು ಗೆರೆಯ ಮೇಲೆ ನಿಲ್ಲಿಸುತ್ತದೆ. ಆಮೇಲೆ ಕಣ್ಣಿಗೆ ಕಂಡಂತೆ ಬರೆಯಬೇಕೆಂಬ ಚಿಂತೆ ಆರಂಭವಾಗುತ್ತದೆ. ಗೋಡೆಯ ಒಳಗಿನ ಒಲೆಯೂ ಹೊರಗಿನ ಕಟ್ಟೆಯೂ ಒಂದೇ ಚಿತ್ರದಲ್ಲಿ ಕಾಣುವುದು, ಅವ್ವ ಮನೆಗಿಂತ ಎತ್ತರವಾಗಿರುವುದು ತಪ್ಪುಗಳಲ್ಲ. ಮಗು ಅಳತೆಯನ್ನು ಬರೆಯುವುದಿಲ್ಲ, ಮಹತ್ವವನ್ನು ಬರೆಯುತ್ತದೆ.

ಲೋವೆನ್‌ಫೆಲ್ಡ್ ಅವರ ಬದುಕೂ ನಮ್ಮ ವಿಷಯಕ್ಕೆ ಹೊರತಾದುದಲ್ಲ. ಆಸ್ಟ್ರಿಯಾದ ಯೆಹೂದ್ಯರಾದ ಅವರು ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದರು. ಅಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ಎಂಬಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳ ವಿದ್ಯಾಲಯದಲ್ಲಿ ಕಲೆಯನ್ನು ಕಲಿಸಿದರು. ಜನಾಂಗದ್ವೇಷದಿಂದ ಓಡಿಬಂದವರು ಜನಾಂಗಭೇದದ ನಾಡಿನಲ್ಲಿ ತಳಕ್ಕೆ ತಳ್ಳಲ್ಪಟ್ಟವರ ನಡುವೆ ನಿಂತು, ನಿಮ್ಮ ಅನುಭವವೇ ನಿಮ್ಮ ಕಲೆಯ ಮೂಲವೆಂದು ಕಲಿಸಿದ್ದು ಗಮನಾರ್ಹ.

ಅನೇಕ ದೇಶಗಳ ಎಳೆಯ ಮಕ್ಕಳ ಚಿತ್ರಗಳನ್ನು ಭಾರಿ ಸಂಖ್ಯೆಯಲ್ಲಿ ಸಂಗ್ರಹಿಸಿದ ರೋಡಾ ಕೆಲಾಗ್ ಅವರು ಗೀಚುವ ಹಂತದ ರೂಪಗಳು ಎಲ್ಲೆಡೆಯೂ ಬಹಳಮಟ್ಟಿಗೆ ಒಂದೇ ಎಂದು ತೋರಿಸಿದರು. ಸಂಸ್ಕೃತಿಯ ಮುದ್ರೆ ಆಮೇಲೆ ಬೀಳುತ್ತದೆ. ಹಡಗಲಿ ಸೀಮೆಯಲ್ಲಿ ಅಂಗಳದ ರಂಗೋಲಿಯ ಚುಕ್ಕಿಗಳನ್ನು ನೋಡುತ್ತ ಬೆಳೆದ ಮಗುವಿನ ಗೆರೆ ಒಂದು ಬಗೆ. ತಾಂಡಾದಲ್ಲಿ ಅಜ್ಜಿಯ ರವಿಕೆಯ ಮೇಲಿನ ಕನ್ನಡಿ ಮತ್ತು ದಾರದ ಕಸೂತಿಯನ್ನು ನೋಡುತ್ತ ಬೆಳೆದ ಮಗುವಿನ ಗೆರೆ ಇನ್ನೊಂದು ಬಗೆ. ಮಣ್ಣೆತ್ತಿನ ಅಮಾವಾಸ್ಯೆಯಂದು ಕೆರೆಯ ಜೇಡಿಮಣ್ಣಿನಿಂದ ಎತ್ತುಗಳನ್ನು ಮಾಡುವ ಮಕ್ಕಳ ಬೆರಳಿಗೆ ಯಾವ ಕಲಾಶಾಲೆಯೂ ಕಲಿಸದ ಒಂದು ತಿಳಿವಳಿಕೆ ಇದೆ. ಹಾಗಾದರೆ ಮಕ್ಕಳ ಕಲೆಯಲ್ಲಿ ಸಮಾನತೆಯೂ ಇದೆ, ಭಿನ್ನತೆಯೂ ಇದೆ. ಒಂದನ್ನು ಒಪ್ಪಿ ಇನ್ನೊಂದನ್ನು ಅಳಿಸುವ ಅಗತ್ಯವಿಲ್ಲ.

3. ಮೂರು ನಿದರ್ಶನಗಳು

ಮೊದಲನೆಯದು ನಮ್ಮ ರಾಜ್ಯದ್ದೇ. ಬೆಂಗಳೂರಿನ ಉತ್ತರ ಅಂಚಿನ ಸಿಲ್ವೆಪುರದಲ್ಲಿ ಕಲಾವಿದ ಜ್ಯೋತಿ ಸಾಹಿ ಮತ್ತು ಶಿಕ್ಷಣತಜ್ಞೆ ಜೇನ್ ಸಾಹಿ ದಂಪತಿಗಳು ದಶಕಗಳ ಕಾಲ ಕೆಲಸಮಾಡಿದ್ದಾರೆ. ಭಾರತೀಯ ಕ್ರೈಸ್ತ ಕಲೆಯ ಚರ್ಚೆಯಲ್ಲಿ ಜ್ಯೋತಿ ಸಾಹಿ ಅವರ ಹೆಸರನ್ನು ಅರಿಯದ ದೈವಶಾಸ್ತ್ರದ ವಿದ್ಯಾರ್ಥಿ ವಿರಳ. ಅವರು ಸಿಲ್ವೆಪುರದಲ್ಲಿ ಕಟ್ಟಿದ ಕಲಾಶ್ರಮ ಸಮಾಧಾನವನ್ನು ಕಲೆಯ ಗುರಿಗಳಲ್ಲೊಂದಾಗಿ ಇಟ್ಟುಕೊಂಡಿತು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು, 1970ರ ದಶಕದಲ್ಲಿ ಜೇನ್ ಸಾಹಿ ಅವರು ಹಳ್ಳಿಯ ಮಕ್ಕಳಿಗಾಗಿ ಆರಂಭಿಸಿದ ಸೀತಾ ಶಾಲೆ. ಅಲ್ಲಿ ಚಿತ್ರಕಲೆ ವಾರಕ್ಕೊಮ್ಮೆ ಬರುವ ಬಿಡುವಿನ ತರಗತಿಯಾಗಿರಲಿಲ್ಲ. ಭಾಷೆ, ಪರಿಸರ, ಕಥೆ ಎಲ್ಲವನ್ನೂ ಮಕ್ಕಳು ಕೈಯ ಮೂಲಕ ಕಲಿಯುವ ದಾರಿಯಾಗಿತ್ತು. ಕಲೆಯ ಮೂಲಕ ಕಲಿಕೆಯನ್ನು ಕುರಿತೂ ಶಿಕ್ಷಣ ಮತ್ತು ಶಾಂತಿಯನ್ನು ಕುರಿತೂ ಅವರು ಬರೆದಿದ್ದಾರೆ. ಸಮಾಧಾನವನ್ನು ಪಾಠವಾಗಿ ಹೇಳಿಕೊಡುವುದಕ್ಕಿಂತ ಮಕ್ಕಳು ಒಟ್ಟಿಗೆ ಕೆಲಸಮಾಡುವ ಕ್ರಮದಲ್ಲಿಯೇ ಅದನ್ನು ನೆಲೆಗೊಳಿಸಬೇಕೆಂಬುದು ಅಲ್ಲಿಂದ ನಾವು ಪಡೆಯಬಹುದಾದ ಪಾಠ. ಗಾಂಧೀಜಿಯ ನಯೀ ತಾಲೀಮಿನ ಅಂಗವಾಗಿ 1944ರಿಂದ ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಕಲಿಸಿದ ದೇವಿ ಪ್ರಸಾದ್ ಅವರೂ ಇದೇ ದಾರಿಯವರು. ಅವರು ಮುಂದೆ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಯುದ್ಧವಿರೋಧಿ ಸಂಘಟನೆಯ ಪ್ರಧಾನ ಕಾರ್ಯದರ್ಶಿಯಾದರು.

ಎರಡನೆಯದು ಒಂದು ಸಭೆಯ ಪ್ರಸಂಗ. 1946ರ ನವೆಂಬರಿನಲ್ಲಿ ವಾಷಿಂಗ್ಟನ್ ನಗರದ ಪತ್ರಿಕೆಯೊಂದರಲ್ಲಿ ಒಂದು ಛಾಯಾಚಿತ್ರ ಪ್ರಕಟವಾಯಿತು: ಅಣುಬಾಂಬಿನ ಪರೀಕ್ಷೆ ನಡೆಸಿದ ನೌಕಾಪಡೆಯ ಅಧಿಕಾರಿಯೊಬ್ಬರು ಪತ್ನಿಯೊಡನೆ ಅಣಬೆಮೋಡದ ಆಕಾರದ ಕೇಕನ್ನು ಕತ್ತರಿಸುತ್ತಿದ್ದರು. ಅದನ್ನು ನೋಡಿ ಮನನೊಂದ ಪಾದ್ರಿ ಎ. ಪೊವೆಲ್ ಡೇವಿಸ್ ಅವರು ತಮ್ಮ ಸಭೆಯಲ್ಲಿ ಅದನ್ನು ಖಂಡಿಸಿ ಪ್ರಸಂಗಿಸಿದರು. ಪ್ರಸಂಗದ ಸುದ್ದಿ ಜಪಾನಿನಲ್ಲಿ ಆಡಳಿತ ನಡೆಸುತ್ತಿದ್ದ ಅಮೆರಿಕನ್ನರವರೆಗೆ ತಲುಪಿತು. ಅಲ್ಲಿನ ಒಬ್ಬ ಅಧಿಕಾರಿ ಹಿರೋಷಿಮಾದ ಶಾಲಾಮಕ್ಕಳಿಗೆ ಪೆನ್ಸಿಲ್, ಕಾಗದ ಕೂಡ ಇಲ್ಲವೆಂದು ಬರೆದರು. ಸಭೆಯ ಮಕ್ಕಳು ಬಣ್ಣ, ಕಾಗದ, ಪೆನ್ಸಿಲುಗಳನ್ನು ಕೂಡಿಸಿ ಕಳುಹಿಸಿದರು. ಅವನ್ನು ಪಡೆದ ಶಾಲೆಗಳಲ್ಲಿ ಹೊಂಕಾವಾ ಶಾಲೆಯೂ ಒಂದು. ಬಾಂಬು ಬಿದ್ದ ಕೇಂದ್ರದಿಂದ ಅರ್ಧ ಕಿಲೋಮೀಟರಿಗೂ ಕಡಿಮೆ ದೂರದಲ್ಲಿದ್ದ ಆ ಶಾಲೆ ಸುಮಾರು 400 ಮಕ್ಕಳನ್ನು ಕಳೆದುಕೊಂಡಿತ್ತು. ಆ ಬಣ್ಣಗಳಿಂದಲೇ ಅಲ್ಲಿನ ಮಕ್ಕಳು ಚಿತ್ರಗಳನ್ನು ಬರೆದು ವಾಷಿಂಗ್ಟನ್ನಿಗೆ ಕಳುಹಿಸಿದರು. ಅವುಗಳಲ್ಲಿ ಹೂಬಿಟ್ಟ ಮರಗಳಿದ್ದವು, ಬಣ್ಣದ ಉಡುಪು ತೊಟ್ಟು ಆಡುವ ಮಕ್ಕಳಿದ್ದರು. ಆ ಚಿತ್ರಗಳು ಸಭೆಯಲ್ಲಿ ಉಳಿದು, ಅನೇಕ ವರ್ಷಗಳ ನಂತರ ದುರಸ್ತಿಗೊಂಡು, 2010ರಲ್ಲಿ ಹಿರೋಷಿಮಾದಲ್ಲಿ ಪ್ರದರ್ಶಿತವಾದವು; ಬರೆದ ಮಕ್ಕಳಲ್ಲಿ ಬದುಕಿದ್ದ ಕೆಲವರು ವೃದ್ಧಾಪ್ಯದಲ್ಲಿ ತಮ್ಮ ಚಿತ್ರಗಳನ್ನು ಮತ್ತೆ ಕಂಡರು.

ಆ ಸಭೆ ಯೂನಿಟೇರಿಯನ್ ಪಂಥಕ್ಕೆ ಸೇರಿದ್ದು, ತ್ರಯೈಕತ್ವವನ್ನು ಒಪ್ಪದ್ದು. ಸಿದ್ಧಾಂತದಲ್ಲಿ ನಾವು ಅವರಿಂದ ದೂರವಿದ್ದರೂ ಅವರ ನಡತೆಯಿಂದ ಕಲಿಯುವುದು ನಮಗೆ ಅವಮಾನವಲ್ಲ. ಒಳ್ಳೆಯ ಸಮಾರ್ಯದವನ ಸಾಮ್ಯವೂ ಅದನ್ನೇ ಕಲಿಸುತ್ತದೆ. ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಕೊಡುವಿಕೆ ಒಂದೇ ದಿಕ್ಕಿನಲ್ಲಿ ನಿಲ್ಲಲಿಲ್ಲ. ಬಣ್ಣ ಹೋಯಿತು, ಚಿತ್ರ ಬಂತು. ಹೀಗಾಗಿ ದಾನ ಪಡೆದವರು ದಾನಿಗಳೂ ಆದರು. ಎರಡನೆಯದಾಗಿ, ನಿಮ್ಮ ದುಃಖವನ್ನು ತೋರಿಸಿರಿ ಎಂದು ಆ ಮಕ್ಕಳನ್ನು ಯಾರೂ ಪೀಡಿಸಲಿಲ್ಲ.

ಮೂರನೆಯ ನಿದರ್ಶನ ಇನ್ನೂ ಗಂಭೀರ. ನಾಜಿಗಳು ಯೆಹೂದ್ಯರನ್ನು ಕೂಡಿಹಾಕಿದ್ದ ಟೆರೆಜೀನ್ ಎಂಬಲ್ಲಿ ಕಲಾವಿದೆ ಫ್ರೀಡಲ್ ಡಿಕರ್-ಬ್ರಾಂಡೈಸ್ ಅವರು ಗುಟ್ಟಾಗಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿದರು. ಪ್ರತಿ ಮಗುವೂ ತನ್ನ ಹಾಳೆಯ ಮೇಲೆ ತನ್ನ ಹೆಸರನ್ನು ಬರೆಯಬೇಕೆಂಬುದು ಅವರ ಪದ್ಧತಿ. ಮನುಷ್ಯರನ್ನು ಸಂಖ್ಯೆಗಳನ್ನಾಗಿ ಮಾಡಿದ ಸ್ಥಳದಲ್ಲಿ ಹೆಸರು ಬರೆಸುವುದೇ ಒಂದು ಸಾಕ್ಷಿ. 1944ರ ಅಕ್ಟೋಬರಿನಲ್ಲಿ ಅವರನ್ನು ಆಶ್‌ವಿಟ್ಜಿನಲ್ಲಿ ಕೊಲ್ಲಲಾಯಿತು. ಬಹುಪಾಲು ಮಕ್ಕಳ ಗತಿಯೂ ಅದೇ. ಎರಡು ಪೆಟ್ಟಿಗೆಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದು ಇಂದು ಪ್ರಾಗ್ ನಗರದ ಯೆಹೂದ್ಯ ವಸ್ತುಸಂಗ್ರಹಾಲಯದಲ್ಲಿವೆ. ಕಲೆ ಆ ಮಕ್ಕಳನ್ನು ಬದುಕಿಸಲಿಲ್ಲ. ಆದುದರಿಂದ ಕಲೆಯಿಂದ ಶಾಂತಿ ತಾನಾಗಿ ಬರುತ್ತದೆಂದು ನಾವು ಹಗುರಾಗಿ ಹೇಳಬಾರದು. ಅದು ಮಾಡಿದ್ದು ಇಷ್ಟು: ಅವರು ಇದ್ದರು, ಅವರಿಗೆ ಹೆಸರಿತ್ತು, ಅವರು ಹೀಗೆ ನೋಡಿದರು ಎಂಬುದನ್ನು ಅಳಿಸಲು ಬಿಡಲಿಲ್ಲ.

4. ಸತ್ಯವೇದದ ಆಧಾರ

ಹತ್ತು ಆಜ್ಞೆಗಳಲ್ಲಿ ಕೆತ್ತಿದ ವಿಗ್ರಹದ ನಿಷೇಧವಿರುವುದರಿಂದ ನಮ್ಮ ಸಭೆಗಳಲ್ಲಿ ಕಲೆಯ ಬಗ್ಗೆ ಹಿಂಜರಿಕೆ ಉಂಟು. ಆದರೆ ಅದೇ ವಿಮೋಚನಕಾಂಡದಲ್ಲಿ (31:1-6) ಯೆಹೂದ ಕುಲದ ಬೆಚಲೇಲನನ್ನು ದೇವರು ಹೆಸರುಹಿಡಿದು ಕರೆದು, ಕೈಕೆಲಸಕ್ಕಾಗಿ ತನ್ನ ಆತ್ಮದಿಂದ ತುಂಬಿಸುತ್ತಾನೆ. ದಾನ್ ಕುಲದ ಒಹೊಲೀಯಾಬನನ್ನು ಅವನಿಗೆ ಜೊತೆಗಾರನನ್ನಾಗಿ ಕೊಡುತ್ತಾನೆ. ಆತ್ಮಭರಿತನೆಂದು ಸತ್ಯವೇದದಲ್ಲಿ ಮೊದಲು ಹೇಳಲ್ಪಟ್ಟವನು ಯಾಜಕನಲ್ಲ, ಒಬ್ಬ ಕುಶಲಕರ್ಮಿ. ಅವರಿಬ್ಬರಿಗೂ ಇತರರಿಗೆ ಕಲಿಸುವ ವರವೂ ಕೊಡಲ್ಪಟ್ಟಿತೆಂದು ಮುಂದೆ (35:34) ಓದುತ್ತೇವೆ. ನಿಷೇಧವಿರುವುದು ವಸ್ತುವನ್ನು ದೇವರ ಸ್ಥಾನದಲ್ಲಿ ನಿಲ್ಲಿಸುವುದಕ್ಕೆ, ಕೈಯ ವರಕ್ಕಲ್ಲ.

ಕರ್ತನು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿದ ಪ್ರಸಂಗವನ್ನು (ಮತ್ತಾಯ 18:1-5) ನಾವು ಸಾಮಾನ್ಯವಾಗಿ ಮುಗ್ಧತೆಯ ಪಾಠವಾಗಿ ಬೋಧಿಸುತ್ತೇವೆ. ಆದರೆ ಅಲ್ಲಿ ಶಿಷ್ಯರು ಕೇಳಿದ ಪ್ರಶ್ನೆ ಯಾರು ದೊಡ್ಡವರೆಂಬುದು. ಅಂತಸ್ತಿನ ಪ್ರಶ್ನೆಗೆ ಉತ್ತರವಾಗಿ, ಅಂದಿನ ಸಮಾಜದಲ್ಲಿ ಯಾವ ಅಂತಸ್ತೂ ಇಲ್ಲದ ಮಗುವನ್ನು ಯೇಸು ನಡುವೆ ನಿಲ್ಲಿಸಿದನು. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಆತನು ಕೋಪಗೊಂಡನೆಂದು ಮಾರ್ಕನು (10:14) ದಾಖಲಿಸುತ್ತಾನೆ. ದೇವಾಲಯದಲ್ಲಿ ಮಕ್ಕಳು ಕೂಗಿದಾಗ ಮಹಾಯಾಜಕರು ಸಿಟ್ಟಾದರು. ಯೇಸುವಾದರೋ ಅದನ್ನು ಸ್ತೋತ್ರವೆಂದು ಸ್ವೀಕರಿಸಿದನು (ಮತ್ತಾಯ 21:15-16). ಮಗುವಿನ ಅಭಿವ್ಯಕ್ತಿಯನ್ನು ಗದ್ದಲವೆಂದು ಕೇಳುವುದೂ ಸ್ತೋತ್ರವೆಂದು ಕೇಳುವುದೂ ಕೇಳುವವರ ಹೃದಯಕ್ಕೆ ಸೇರಿದ್ದು.

ಮತ್ತೊಂದು ವಾಕ್ಯಭಾಗ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು. ಸಮಾರ್ಯದ ಸ್ತ್ರೀಯನ್ನು ಯೇಸು ನೀರು ಕೇಳಿದಾಗ ಆಕೆ ಬೆರಗಾದಳು. ಅದರ ಕಾರಣವನ್ನು ಹೇಳುವಲ್ಲಿ ಯೋಹಾನನು (4:9) ಬಳಸಿದ ಗ್ರೀಕ್ ಕ್ರಿಯಾಪದಕ್ಕೆ ‘ಒಂದೇ ಪಾತ್ರೆಯನ್ನು ಜೊತೆಯಾಗಿ ಬಳಸುವುದು’ ಎಂಬ ಅರ್ಥವನ್ನು ಕೆಲವು ವ್ಯಾಖ್ಯಾನಕಾರರು ಸೂಚಿಸಿದ್ದಾರೆ. ಈ ಅರ್ಥವನ್ನು ಕರ್ನಾಟಕದ ಹಳ್ಳಿಯಲ್ಲಿ ವಿವರಿಸಲು ವ್ಯಾಖ್ಯಾನಗ್ರಂಥ ಬೇಕಾಗಿಲ್ಲ. ಕೆಲವರಿಗಾಗಿಯೇ ಬೇರೆ ಲೋಟವನ್ನು ತೆಗೆದಿಡುವ ಪದ್ಧತಿ ನಮ್ಮ ನೆನಪಿನಿಂದ ಇನ್ನೂ ಅಳಿದಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ (2:14) ಹೇಳಿರುವ ಅಡ್ಡಗೋಡೆ ನಮ್ಮಲ್ಲಿ ಬಹುವೇಳೆ ಒಂದು ಲೋಟದಷ್ಟೇ ಎತ್ತರವಾಗಿರುತ್ತದೆ.

5. ಹಿರೇಹಡಗಲಿಯಂಥ ಊರಿನಲ್ಲಿ

ಸಂಸ್ಕೃತಿಗಳ ನಡುವಣ ಸಂವಾದವೆಂದರೆ ದೂರದೇಶಗಳೊಡನೆ ಪತ್ರವ್ಯವಹಾರವೆಂದು ತಿಳಿಯಬೇಕಾಗಿಲ್ಲ. ಊರು, ಕೇರಿ, ಲಂಬಾಣಿ ತಾಂಡಾ, ಮುಸ್ಲಿಮರ ಓಣಿ ಇವು ಕೂಗಳತೆಯ ದೂರದಲ್ಲಿರುತ್ತವೆ. ಆದರೂ ಒಂದರ ಮಕ್ಕಳಿಗೆ ಇನ್ನೊಂದರ ಒಳಮನೆ ಗೊತ್ತಿರುವುದಿಲ್ಲ. ಈ ಸೀಮೆಯಲ್ಲಿ ಕೂಡಿ ಬಾಳುವ ಪರಂಪರೆಯೂ ಬಲವಾಗಿದೆ: ಮೊಹರಮ್ಮಿನ ಆಚರಣೆಯಲ್ಲಿ ಹಿಂದೂಗಳೂ ಪಾಲುಗೊಳ್ಳುತ್ತಾರೆ, ಮೈಲಾರದ ಕಾರ್ಣಿಕ ಕೇಳಲು ನಾನಾ ಜಾತಿಯ ಜನ ನೆರೆಯುತ್ತಾರೆ. ರಾಜಕಾರಣಿ ಎಂ.ಪಿ. ಪ್ರಕಾಶ್ ಅವರು ಹೂವಿನಹಡಗಲಿಯಲ್ಲಿ ರಂಗಭಾರತಿಯನ್ನು ಕಟ್ಟಿ ಕಲೆಗೆ ತಾಲ್ಲೂಕಿನ ಮಟ್ಟದಲ್ಲಿ ನೆಲೆ ಕೊಟ್ಟದ್ದೂ ಉಂಟು. ಆದುದರಿಂದ ಸಭೆ ಇಲ್ಲಿ ಸಮಾಧಾನವನ್ನು ಹೊರಗಿನಿಂದ ತರುವುದಿಲ್ಲ, ಇರುವುದರೊಡನೆ ಕೈಜೋಡಿಸುತ್ತದೆ.

ಆದರೆ ಗಾಯಗಳೂ ಇವೆ. 1982ರ ಶಾಸನ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದರೂ, ಈ ಭಾಗದಲ್ಲಿ ಬಸವಿ ಬಿಡುವುದೆಂದು ಕರೆಯುವ ಆ ಪದ್ಧತಿಯ ನೋವು ಮುಂದಿನ ತಲೆಮಾರಿನಲ್ಲಿಯೂ ಉಳಿದಿದೆ. ರಾಜ್ಯದ ಸಮೀಕ್ಷೆಗಳು ಗುರುತಿಸಿದ ದೇವದಾಸಿ ಮಹಿಳೆಯರ ಸಂಖ್ಯೆ 46 ಸಾವಿರವನ್ನು ಮೀರುತ್ತದೆ. ಅವರ ಮಕ್ಕಳಿಗೆ ‘ನನ್ನ ಕುಟುಂಬ’ ಎಂಬ ಸರಳವಾದ ವಿಷಯವನ್ನು ಕೊಟ್ಟು, ಅಪ್ಪನ ಚಿತ್ರ ಎಲ್ಲಿ ಎಂದು ಕೇಳುವ ಶಿಕ್ಷಕನು ತಿಳಿಯದೆ ಕಲ್ಲೆಸೆದಂತೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೋಗುವ ಮನೆಗಳ ಮಕ್ಕಳಿಗೆ ‘ನನ್ನ ಮನೆ’ ಎಂಬುದೂ ಸುಲಭದ ವಿಷಯವಲ್ಲ.

ಹಾಗಾದರೆ ಏನು ಬರೆಸಬೇಕು? ನಮ್ಮ ಸಲಹೆ, ‘ನಮ್ಮ ಮನೆಗೆ ನೀರು ಬರುವ ದಾರಿ’. ತುಂಗಭದ್ರೆಯ ಸೀಮೆಯಾದರೂ ಎಲ್ಲ ಮನೆಗಳಿಗೆ ನೀರು ಒಂದೇ ಬಗೆಯಾಗಿ ಬರುವುದಿಲ್ಲ. ನಲ್ಲಿ, ಕೊಳವೆಬಾವಿ, ಕೆರೆ, ಟ್ಯಾಂಕರು, ಸರದಿಯಲ್ಲಿ ನಿಂತ ಕೊಡಗಳು, ಕೊಡ ಹೊತ್ತ ಅಕ್ಕ ಇವನ್ನೆಲ್ಲ ಮಕ್ಕಳು ತಾವು ಕಂಡಂತೆ ಬರೆಯಲಿ. ಎಲ್ಲ ಓಣಿಗಳ ಮಕ್ಕಳ ಹಾಳೆಗಳನ್ನು ಗೋಡೆಯ ಮೇಲೆ ಸಾಲಾಗಿ ಅಂಟಿಸಿದರೆ ಊರಿನ ಒಂದು ನಕ್ಷೆ ತಾನಾಗಿ ಮೂಡುತ್ತದೆ. ಯಾರ ಮನೆಗೆ ನೀರು ಹತ್ತಿರ, ಯಾರಿಗೆ ದೂರ, ಯಾರು ಹೊರುತ್ತಾರೆ ಎಂಬುದನ್ನು ಯಾರನ್ನೂ ದೂರದೆ ಆ ನಕ್ಷೆ ಹೇಳುತ್ತದೆ. ಇಲ್ಲಿ ಪಾರಿವಾಳವಿಲ್ಲ, ಆದರೆ ಸಮಾಧಾನದ ಮಾತು ಆರಂಭವಾಗಲು ಬೇಕಾದ ಸತ್ಯವಿದೆ.

ಕೂರಿಸುವ ಕ್ರಮ ವಿಷಯದಷ್ಟೇ ಮುಖ್ಯ. ಮಕ್ಕಳು ತಾವಾಗಿ ಕುಳಿತರೆ ಓಣಿಗಳ ಪ್ರಕಾರ ಕುಳಿತುಕೊಳ್ಳುತ್ತಾರೆ. ಆದುದರಿಂದ ಚೀಟಿ ಎತ್ತಿಸಿ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡುವುದು ಲೇಸು. ನಾಲ್ವರಿಗೆ ಒಂದು ಬಣ್ಣದ ಪೆಟ್ಟಿಗೆ, ಕುಂಚ ತೊಳೆಯಲು ನೀರಿನ ಒಂದೇ ಬಟ್ಟಲು. ಕೈಯಿಂದ ಕೈಗೆ ಬಣ್ಣ ದಾಟಬೇಕು, ಕೆಂಪಿಗಾಗಿ ಕಾಯಬೇಕು, ನೀರು ಕೊಳೆಯಾದಾಗ ಯಾರಾದರೂ ಎದ್ದು ಬದಲಿಸಬೇಕು, ಅದು ಯಾವಾಗಲೂ ಒಂದೇ ಮಗುವಿನ ಪಾಲಾಗಬಾರದು. ಸಮಾನತೆಯ ಪಾಠವೆಲ್ಲ ಈ ಬಟ್ಟಲಿನ ಸುತ್ತ ನಡೆಯುತ್ತದೆ. ಹಣವಿಲ್ಲವೆಂಬ ನೆವವೂ ಸಲ್ಲದು: ಕೆಮ್ಮಣ್ಣು, ಸುಣ್ಣ, ಇದ್ದಿಲು, ಅರಿಶಿನ ಎಲ್ಲ ಊರಲ್ಲಿಯೂ ದೊರೆಯುತ್ತವೆ.

ಬಣ್ಣದ ಪೆಟ್ಟಿಗೆಯೊಳಗೂ ಒಂದು ಭೇದ ಅಡಗಿದೆ. ತಿಳಿಗುಲಾಬಿ ಬಣ್ಣದ ಕಡ್ಡಿಯನ್ನು ನಮ್ಮ ಮಕ್ಕಳು ‘ಸ್ಕಿನ್ ಕಲರ್’ ಎನ್ನುತ್ತಾರೆ. ಆ ಕಡ್ಡಿಯ ಬಣ್ಣ ಅವರಲ್ಲಿ ಯಾರ ಮೈಬಣ್ಣವೂ ಅಲ್ಲ. ಭಾನುವಾರದ ಶಾಲೆಯ ಗೋಡೆಯ ಮೇಲಿನ ಯೇಸುವಿನ ಬಣ್ಣ ಮಾತ್ರ ಅದೇ. ಮೊದಲ ದಿನವೇ ಮಕ್ಕಳು ತಮ್ಮ ಕೈಯನ್ನು ಹಾಳೆಯ ಪಕ್ಕದಲ್ಲಿಟ್ಟು ಮಣ್ಣಿನ ಬಣ್ಣಗಳನ್ನು ಬೆರೆಸಿ ತಮ್ಮ ಚರ್ಮದ ಬಣ್ಣವನ್ನು ತಾವೇ ಕಂಡುಹಿಡಿಯಲಿ. ದೇವಸ್ವರೂಪದಲ್ಲಿ ಮನುಷ್ಯನ ಸೃಷ್ಟಿಯನ್ನು (ಆದಿಕಾಂಡ 1:27) ಕುರಿತು ಇದಕ್ಕಿಂತ ಸರಳವಾದ ಪಾಠ ಸಿಗಲಾರದು.

6. ಕೆಲವು ಎಚ್ಚರಿಕೆಗಳು

ಮೊದಲನೆಯದು ಸ್ಪರ್ಧೆಯನ್ನು ಕುರಿತದ್ದು. ಶಾಲೆಗಳ ಪ್ರತಿಭಾ ಕಾರಂಜಿಯಂಥ ಕಾರ್ಯಕ್ರಮಗಳಿಂದ ಅನೇಕ ಮಕ್ಕಳಿಗೆ ಅವಕಾಶ ದೊರೆತಿದೆ. 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು ಆರಂಭಿಸಿದ ಮಕ್ಕಳ ಚಿತ್ರಸ್ಪರ್ಧೆ ಲೋಕದ ಮಕ್ಕಳನ್ನೇ ಭಾರತದ ಕಡೆಗೆ ನೋಡುವಂತೆ ಮಾಡಿತು. ಸ್ಪರ್ಧೆಗೆ ಅದರದೇ ಜಾಗವಿದೆ. ಆದರೆ ಸಮಾನತೆಯನ್ನು ಕಲಿಸಹೊರಟ ಪಂಕ್ತಿಯಲ್ಲಿ ಒಂದು, ಎರಡು, ಮೂರು ಎಂದು ಅಂಕ ಹಾಕುವುದು ನಾವು ಹೇಳುವ ಮಾತನ್ನು ನಾವೇ ಅಳಿಸಿದಂತೆ. ಎಲ್ಲ ಚಿತ್ರಗಳನ್ನೂ ತೂಗುಹಾಕಬೇಕು, ಒಂದೇ ಎತ್ತರದಲ್ಲಿ.

ಎರಡನೆಯದು ಮತಾಂತರದ ಸಂಶಯ. ಬೇರೆ ಧರ್ಮದ ಮಕ್ಕಳನ್ನು ಸಭೆ ಬಣ್ಣದ ಆಮಿಷದಿಂದ ಕರೆಯುತ್ತಿದೆಯೆಂಬ ಅನುಮಾನ ಹುಟ್ಟಿದರೆ ಸಮಾಧಾನದ ಬದಲು ಕಲಹ ಬರುತ್ತದೆ. ಇದನ್ನು ತಂತ್ರದಿಂದಲ್ಲ, ಪ್ರಾಮಾಣಿಕತೆಯಿಂದ ಎದುರಿಸಬೇಕು. ಎಲ್ಲ ಓಣಿಗಳ ಮಕ್ಕಳು ಸೇರುವ ಕಾರ್ಯಕ್ರಮ ಶಾಲೆಯಲ್ಲಿಯೋ ಪಂಚಾಯಿತಿಯ ಅಂಗಳದಲ್ಲಿಯೋ ನಡೆಯಲಿ. ಹೆತ್ತವರ ಒಪ್ಪಿಗೆ ಇರಲಿ. ಅವರೂ ಬಂದು ಕುಳಿತುಕೊಳ್ಳಲಿ. ಒಂದು ಮಗು ಮೈಲಾರದ ಬಿಲ್ಲನ್ನು ಬರೆದರೆ, ಇನ್ನೊಂದು ಅಲಾವಿಯ ಕುಣಿಯನ್ನು ಬರೆದರೆ, ಮತ್ತೊಂದು ಶಿಲುಬೆಯನ್ನು ಬರೆದರೆ ಮೂರೂ ಗೋಡೆಯ ಮೇಲೆ ಇರಲಿ. ಅತಿಥಿಯ ಮಾತನ್ನು ತಿದ್ದುವವನು ಒಳ್ಳೆಯ ಆತಿಥೇಯನಲ್ಲ. ಕ್ರಿಸ್ತನ ಸಾಕ್ಷಿ ಇಲ್ಲಿ ನಮ್ಮ ನಡತೆಯಲ್ಲಿದೆ.

ಮೂರನೆಯದು ಅರ್ಥ ಹೇಳುವ ಚಪಲ. ಕಪ್ಪು ಬಣ್ಣವೆಂದರೆ ದುಃಖ, ಕೆಂಪೆಂದರೆ ಕೋಪ ಎಂಬ ಸೂತ್ರಗಳನ್ನು ನಂಬಬಾರದು. ಪೆಟ್ಟಿಗೆಯಲ್ಲಿ ಉಳಿದದ್ದು ಕಪ್ಪು ಕಡ್ಡಿಯೊಂದೇ ಆಗಿರಬಹುದು. ‘ಇದೇನು?’ ಎಂದು ಕೇಳುವುದಕ್ಕಿಂತ ‘ಈ ಚಿತ್ರದ ಬಗ್ಗೆ ಹೇಳುತ್ತೀಯಾ?’ ಎಂದು ಕೇಳುವುದು ಮೇಲು. ಮಗು ಹೇಳಲೊಲ್ಲದಿದ್ದರೆ ಬಿಡಬೇಕು. ಆದರೆ ತನಗೆ ಆಗುತ್ತಿರುವ ಹಿಂಸೆಯನ್ನೋ ಗೊತ್ತಾದ ಬಾಲ್ಯವಿವಾಹವನ್ನೋ ಮಗು ತಾನೇ ಹೇಳಿದರೆ, ಅಲ್ಲಿ ‘ಸಮಾಧಾನ ಮಾಡಿಕೋ’ ಎನ್ನುವುದು ಪಾಪ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ವಿಧಿಸುತ್ತದೆ. ಸಭಾಪಾಲಕರಿಗೆ ಅದರಿಂದ ವಿನಾಯಿತಿ ಇಲ್ಲ.

ನಾಲ್ಕನೆಯದಾಗಿ, ಚಿತ್ರ ಮಗುವಿನದು. ಮಗುವಿಗೆ ಕಲೆಯ ಮೂಲಕ ತನ್ನ ಅಭಿಪ್ರಾಯವನ್ನು ಹೇಳುವ ಹಕ್ಕಿದೆಯೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 13ನೇ ವಿಧಿಯಲ್ಲಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಸಭೆಯ ವರದಿಗಾಗಿಯೋ ದೇಣಿಗೆ ಸಂಗ್ರಹಕ್ಕಾಗಿಯೋ ಬಡ ಮಗುವಿನ ಚಿತ್ರವನ್ನು ಅದರ ಕಥೆಯೊಡನೆ ಊರೂರಿಗೆ ಕಳುಹಿಸುವುದು ಸಲ್ಲದು. ಇನ್ನೊಂದು ಊರಿನ ಮಕ್ಕಳಿಗೆ ಚಿತ್ರಗಳನ್ನು ಕಳುಹಿಸುವುದಾದರೆ, ಹೊಂಕಾವಾದ ಮಕ್ಕಳಂತೆ, ಅಲ್ಲಿಂದಲೂ ಚಿತ್ರಗಳು ಬರುವ ಏರ್ಪಾಡು ಇರಲಿ. ಮಂಗಳೂರಿನ ಮಗು ಸಮುದ್ರವನ್ನು ಬರೆದು ಕಳುಹಿಸಲಿ. ಹಡಗಲಿಯ ಮಗು ಮಲ್ಲಿಗೆಯ ತೋಟವನ್ನು ಬರೆದು ಕಳುಹಿಸಲಿ.

ಉಪಸಂಹಾರ

ಮಕ್ಕಳು ಒಂದು ವಾರ ಒಂದೇ ಬಟ್ಟಲಿನಲ್ಲಿ ಕುಂಚ ತೊಳೆದ ಮಾತ್ರಕ್ಕೆ ಊರಿನ ಶತಮಾನಗಳ ಭೇದ ತೊಳೆದುಹೋಗುವುದಿಲ್ಲ. ಟೆರೆಜೀನಿನ ಹಾಳೆಗಳನ್ನು ಕಂಡವರು ಅಂಥ ಮಾತನ್ನು ಆಡಲಾರರು. ಇದರಿಂದ ಆಗುವುದು ಚಿಕ್ಕದು, ಆದರೆ ನಿಜವಾದುದು: ಮಗು ತಾನು ಕಂಡದ್ದನ್ನು ಹೇಳಲು ಕಲಿಯುತ್ತದೆ, ಪಕ್ಕದ ಓಣಿಯ ಮಗು ಕಂಡದ್ದನ್ನು ನೋಡಲು ಕಲಿಯುತ್ತದೆ.

ಹೆಚ್ಚಿನ ಹೊಣೆ ಬೀಳುವುದು ಕೊನೆಯ ದಿನ ಪ್ರದರ್ಶನಕ್ಕೆ ಬರುವ ದೊಡ್ಡವರ ಮೇಲೆ. ಅವರೂ ಓಣಿಗಳ ಪ್ರಕಾರವೇ ಬಂದು ನಿಲ್ಲುತ್ತಾರೆ. ಮಕ್ಕಳು ಅವರಿಗೆ ಗೋಡೆಯ ಮೇಲಿನ ನೀರಿನ ನಕ್ಷೆಯನ್ನು ತೋರಿಸುತ್ತಾರೆ. ಆಗ ಎಲ್ಲರಿಗೂ ಚಹ ಕೊಡುವ ವೇಳೆ ಬರುತ್ತದೆ. ಯಾವ ಲೋಟ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮಕ್ಕಳು ನೋಡುತ್ತಿರುತ್ತಾರೆ. ಅವರ ಮುಂದಿನ ಚಿತ್ರದಲ್ಲಿ ಅದು ಬರುತ್ತದೆ. ಆದುದರಿಂದ ಈ ಸೇವೆಗೆ ಇಳಿಯುವ ಸಭಾಪಾಲಕನು ಬಣ್ಣದ ಪೆಟ್ಟಿಗೆಯನ್ನು ಕೊಳ್ಳುವ ಮೊದಲು ತನ್ನ ಸಭೆಯ ಲೋಟಗಳನ್ನು, ಬೆಂಚುಗಳನ್ನು, ಸಮಾಧಿಭೂಮಿಯನ್ನು ಒಮ್ಮೆ ಮಗುವಿನ ಕಣ್ಣಿನಿಂದ ನೋಡಿಕೊಳ್ಳಲಿ. ಅಲ್ಲಿ ಕಾಣುವುದನ್ನು ಸರಿಪಡಿಸಲು ಸಭೆ ಸಿದ್ಧವಿದ್ದರೆ, ಮಕ್ಕಳ ಕೈಗೆ ಕುಂಚವನ್ನು ಕೊಡುವ ಅಧಿಕಾರ ಅದಕ್ಕೆ ಇದೆ.